ಉಜ್ಜಿ ತೊಳೆದ ನಾಲಿಗೆ

ತಾವ್ ಜಿನ್‌ಮೇಗೆ ದಣಿವಾಗಿದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಗಾನ್ ನದಿಯ ದೋಣಿಕಟ್ಟೆಗೆ ಇಳಿಯುವ ದಾರಿಯಲ್ಲಿ ಅವಳ ಅಕ್ಕಿ ಶಾವಿಗೆಯ ಅಂಗಡಿ. ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಿ, ನೆನೆಸಿದ ಶಾವಿಗೆಯ ಭಾರದ ಬುಟ್ಟಿಗಳನ್ನು ಕೈಗೊಂದರಂತೆ ಹಿಡಿದು ನಡೆದುಬಿಡುತ್ತಿದ್ದಳು. ಗಂಡ ಬಾವ್‌ಶೆಂಗ್ ಮರಳು ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ, ವಾರಗಟ್ಟಲೆ ಮನೆಯ ಮುಖ ನೋಡುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅತ್ತೆ. ಅತ್ತೆಯನ್ನು ನಾವೆಲ್ಲ ಗುವಾನ್ ಅಜ್ಜಿ ಎನ್ನುತ್ತಿದ್ದೆವು. ಹರೆಯದಲ್ಲಿ ಅಣೆಕಟ್ಟೆಗೆ ಮಣ್ಣು ಹೊತ್ತು ‘ಕಬ್ಬಿಣದ ಹೆಣ್ಣು’ ಎಂದು ಹೊಗಳಿಸಿಕೊಂಡಿದ್ದವಳು. ಸೊಸೆ ಬಂದ ಮೇಲೆ ಆ ಹೆಸರನ್ನು ಅವಳಿಗೆ ಧಾರೆಯೆರೆದಿದ್ದಳು. “ನಮ್ಮ ಮನೇಲಿ ಮಲಗೋರು ಯಾರೂ ಇಲ್ಲ” ಎಂಬುದು ಮುದುಕಿ ಹೆಮ್ಮೆಯಿಂದ ಆಡುತ್ತಿದ್ದ ಮಾತು.

ಒಂದು ಚಳಿಗಾಲ ಜಿನ್‌ಮೇಗೆ ಜ್ವರ ಬಂತು. ಜ್ವರವೇನೋ ಬಿಟ್ಟಿತು, ಜ್ವರದ ಸುಸ್ತು ಬಿಡಲಿಲ್ಲ. ವಸಂತ ಬಂದರೂ ಮೈ ಹಸಿ ಮರಳಿನ ಮೂಟೆಯಂತೆ. ಎಷ್ಟು ಮಲಗಿದರೂ ಮಲಗಿದಂತಾಗದು. ಸೌಟು ಹಿಡಿದು ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು.

“ಜಿನ್‌ಮೇ ಅಕ್ಕ, ಶಾವಿಗೆ ಬೆಂದು ಗಂಜಿ ಆಯ್ತು. ಯಾರ ಕನಸು ಬಿತ್ತು?” ಎಂದು ಗಿರಾಕಿಯೊಬ್ಬ ಕೆಣಕಿದ.

“ನಿನ್ನ ಹೆಂಡ್ತಿ ಕನಸು. ನಿನ್ನನ್ನ ಆಚೆ ಹಾಕಿ ಬಾಗಿಲು ಹಾಕ್ಕೊಳ್ತಿದ್ಲು, ನೋಡ್ತಾ ನಿಂತುಬಿಟ್ಟೆ.”

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆ ಹೊತ್ತಿನಿಂದ ಅವಳಿಗೆ ಭಯ ಹಿಡಿಯಿತು. ಜನ ಗಮನಿಸತೊಡಗಿದ್ದಾರೆ.

ಅಂಗಡಿ ಮುಚ್ಚಿದ ಮೇಲೆ ಈರುಳ್ಳಿ ಸೊಪ್ಪು ತರುತ್ತೇನೆಂದು ಅತ್ತೆಗೆ ಹೇಳಿ ಹೊರಡುವುದು, ದೋಣಿಗಾಗಿ ಜನ ಕಾಯುವ ತಗಡಿನ ಚಪ್ಪರದಡಿ ಬೆಂಚಿನ ಮೇಲೆ ಕೂತು ನಿದ್ದೆ ಹೋಗುವುದು, ಎದ್ದು ಮುಖ ತೊಳೆದು ಮನೆಗೆ ಬರುವುದು ಅವಳಿಗೆ ರೂಢಿಯಾಯಿತು. ಗಂಡ ಊರಲ್ಲಿಲ್ಲದ ಹೆಂಗಸು ದಿನಾ ಅಷ್ಟು ಹೊತ್ತು ಎಲ್ಲಿಗೆ ಹೋಗುತ್ತಾಳೆ ಎಂದು ಓಣಿಯಲ್ಲಿ ಗುಸುಗುಸು ಹುಟ್ಟಿತು. ಅದು ಕಿವಿಗೆ ಬಿದ್ದದ್ದೇ ಗುವಾನ್ ಅಜ್ಜಿ ಕೊಡೆಯನ್ನು ದೊಣ್ಣೆಯಂತೆ ಹಿಡಿದು ಸೊಸೆಯ ಹಿಂದೆ ಹೋದಳು. ಕೋಳಿ ಬುಟ್ಟಿಗಳ ನಡುವೆ ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು, ಕೆನ್ನೆಯ ಮೇಲೆ ಜೊಲ್ಲು ಇಳಿಸಿಕೊಂಡು ಮಲಗಿದ್ದ ಸೊಸೆಯನ್ನು ಕಂಡಳು. ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತಳು. ದೋಣಿ ಬಂತು, ಹೋಯಿತು. ಜಿನ್‌ಮೇ ಕಣ್ಣು ಬಿಟ್ಟಾಗ ಅತ್ತೆ ಅವಳ ಮುಖಕ್ಕೆ ಓರೆ ಬಿಸಿಲು ತಾಗದಂತೆ ಕೊಡೆ ಹಿಡಿದಿದ್ದಳು.

ಅತ್ತೆ ಬೈದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ಆ ಕೊಡೆಯ ಕೆಳಗೆ ಅವಳು ನಾಚಿಕೆಯಿಂದ ಕುಗ್ಗಿಹೋದಳು.

“ಸೋಮಾರಿ ಆಗಿಬಿಟ್ಟೆ ಅಮ್ಮ.”

“ಬಾಯಿ ಒರೆಸ್ಕೋ. ಆಸ್ಪತ್ರೆಗೆ ನಡಿ.”

ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆದರು. ಎಲ್ಲ ಸರಿಯಾಗಿದೆ ಎಂದರು. ಬೇರೆಯವರಿಗಾದರೆ ಅದು ಸಿಹಿ ಸುದ್ದಿ. ಜಿನ್‌ಮೇಗೆ ಹಾಗಲ್ಲ. ರೋಗವಿಲ್ಲ ಎಂದ ಮೇಲೆ ಉಳಿಯುವುದು ಸೋಮಾರಿತನ ಒಂದೇ ತಾನೆ? ಬಸ್ಸಿನಲ್ಲಿ ಬರುವಾಗ ಅವಳು ಅತ್ತೆಯ ಮುಖ ನೋಡಲಿಲ್ಲ.

ಉಳಿದದ್ದು ಫೇ ಡಾಕ್ಟರು. ಬೇರು, ತೊಗಟೆಗಳ ವಾಸನೆ ಹೊಡೆಯುವ ಒಂದೇ ಕೋಣೆ ಅವರ ದವಾಖಾನೆ. ಮರೆಗೆ ಪರದೆಯೂ ಇಲ್ಲ. ಒಬ್ಬರ ಹೊಟ್ಟೆಯ ವಿಷಯ ಸಾಲಿನಲ್ಲಿ ಕೂತ ಎಲ್ಲರಿಗೂ ಕೇಳುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜಿನ್‌ಮೇ ಮಾತ್ರ ಕೆಡಿಸಿಕೊಂಡಳು. ಕೆಲವು ಕಾಲದಿಂದ ಅವಳ ನಾಲಿಗೆಯ ಮೇಲೆ ಹಳದಿ ಬಿಳುಪಿನ ದಪ್ಪ ಲೋಳೆ ಕಟ್ಟಿಕೊಂಡಿತ್ತು. ಬೆಳಗಿನ ಅಡುಗೆ ಮಾಡಿ ಊರಿಗೆ ಬಡಿಸುವವಳ ಬಾಯಿ ಹೀಗಿದೆ ಎಂದು ಜನ ನೋಡಿದರೆ? ಹೊರಡುವ ಮುಂಚೆ ಉಪ್ಪು ಹಾಕಿ, ಚಮಚದ ಅಂಚಿನಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ, ನಾಲಿಗೆಯನ್ನು ಗುಲಾಬಿ ಬಣ್ಣಕ್ಕೆ ತಂದಳು. ಕೆನ್ನೆಗೂ ಸ್ವಲ್ಪ ಬಣ್ಣ ಹಚ್ಚಿಕೊಂಡಳು.

ಡಾಕ್ಟರು ಮುಖ ನೋಡಿದರು, ದನಿ ಕೇಳಿದರು, ನಾಲಿಗೆ ಚಾಚಿಸಿದರು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿ ಕೂತರು. ಆಮೇಲೆ ಪ್ರಶ್ನೆಗಳು.

“ಹಸಿವು?”

“ಚೆನ್ನಾಗಿದೆ.”

“ಮಲ ಅಂಟಂಟಾಗಿ ಹೋಗತ್ತಾ?”

“ಇಲ್ಲ ಇಲ್ಲ.”

“ಮನಸ್ಸಿಗೇನಾದ್ರೂ ಬೇಜಾರು, ಸಿಟ್ಟು?”

ಅತ್ತೆ ಪಕ್ಕದಲ್ಲೇ ಇದ್ದಳು. “ನನಗೇನು ಕಮ್ಮಿ ಡಾಕ್ಟ್ರೆ” ಎಂದಳು ಜಿನ್‌ಮೇ.

ದುಡಿದು ದುಡಿದು ಮೈಯ ಸತ್ವ ಬರಿದಾಗಿದೆ ಎಂದುಕೊಂಡ ಡಾಕ್ಟರು ಜಿನ್ಸೆಂಗ್ ಬೇರು ಮತ್ತಿತರ ಪುಷ್ಟಿಯ ಮದ್ದು ಕಟ್ಟಿಕೊಟ್ಟರು. ಅವಳು ಮಣ್ಣಿನ ಮಡಕೆಯಲ್ಲಿ ಕುದಿಸಿ ಕುಡಿದಳು. ಹೊಟ್ಟೆ ನಗಾರಿಯಂತೆ ಬಿಗಿಯಿತು. ತಲೆಗೆ ಒದ್ದೆ ಟವೆಲ್ ಸುತ್ತಿದಂತಾಯಿತು. ಕುಡಿಯುವುದು ನಿಲ್ಲಿಸಲೂ ಹೆದರಿಕೆ, ಡಾಕ್ಟರು ಕಾರಣ ಕೇಳಿದರೆ? ಕೊನೆಗೊಂದು ಬೆಳಿಗ್ಗೆ, ಗಿರಾಕಿಗಳು ಬಟ್ಟಲು ಹಿಡಿದು ನಿಂತಿರುವಾಗಲೇ, ಒಲೆಯ ಪಕ್ಕದ ಬಕೀಟಿಗೆ ವಾಂತಿ ಮಾಡಿಕೊಂಡು ಕುಸಿದು ಕೂತಳು.

ಗುವಾನ್ ಅಜ್ಜಿ ಸೊಸೆಯ ತೋಳು ಹಿಡಿದು ನೇರ ದವಾಖಾನೆಗೆ ಬಂದಳು. ಪ್ಲಮ್ ಹಣ್ಣು ಮಾಗುವ ಕಾಲದ ಜಡಿಮಳೆ. ನಾನು ಮಂಡಿನೋವಿಗೆಂದು ಸಾಲಿನಲ್ಲಿ ಕೂತಿದ್ದೆ.

“ಫೇ ಡಾಕ್ಟ್ರೆ, ಇವಳನ್ನ ನೋಡಿ. ನಡ್ಕೊಂಡು ಬಂದವಳನ್ನ ಎತ್ಕೊಂಡು ಹೋಗೋ ಹಾಗೆ ಮಾಡಿದೀರಿ. ವಯಸ್ಸಾಯ್ತು ಅಂದ್ರೆ ಬೋರ್ಡು ಇಳಿಸಿ, ಜನರನ್ನ ಯಾಕೆ ಗುಂಡಿಗೆ ಇಳಿಸ್ತೀರಿ?”

ಫೇ ಡಾಕ್ಟರು ಎದ್ದು ನಿಂತರು. ಮುಪ್ಪಿನ ಮನುಷ್ಯ, ಮೇಜು ಹಿಡಿದೇ ನಿಲ್ಲಬೇಕಿತ್ತು. ಕಟ್ಟಿಕೊಟ್ಟಿದ್ದ ಮದ್ದನ್ನು ನೆನೆಸಿಕೊಂಡು, ಕೋಣೆಗೆಲ್ಲ ಕೇಳುವಂತೆ ಹೇಳಿದರು: “ಅಜ್ಜಿ ಹೇಳ್ತಿರೋದು ಸರಿ. ನಾನು ತಪ್ಪು ನೋಡಿದೆ. ಬೇರೆ ಕಡೆ ಹೋಗ್ಬೇಕು ಅನ್ಸಿದೋರು ಹೋಗಿ, ನಂಗೆ ಬೇಜಾರಿಲ್ಲ.”

ಒಬ್ಬ ಗಂಡಸು ನಿಜವಾಗಿಯೂ ಎದ್ದ. ಮೂಲೆಯಲ್ಲಿದ್ದ ತನ್ನ ಕೊಡೆ ತೆಗೆದುಕೊಂಡ. ಡಾಕ್ಟರು ಅವನಿಗೆ ತಲೆ ಬಾಗಿಸಿದರು. ಅವರ ಕಿವಿಗಳು ಕೆಂಪಾಗಿದ್ದವು.

ಜಿನ್‌ಮೇ ಗೋಡೆ ಕಡೆ ತಿರುಗಿ ನಿಂತಿದ್ದಳು. “ಹೋಗ್ಬೇಡಣ್ಣ” ಎಂದಳು. “ಡಾಕ್ಟ್ರ ತಪ್ಪಲ್ಲ. ನಾನು ನಾಲಿಗೆ ಕೆರೆದು, ಉಜ್ಜಿ, ತೊಳ್ಕೊಂಡು ಬಂದಿದ್ದೆ. ಕೇಳಿದ್ದಕ್ಕೆಲ್ಲ ಸುಳ್ಳು ಹೇಳಿದೆ. ಹಸಿವಿಲ್ಲ ನನಗೆ. ಹೊಟ್ಟೆ ಸರಿ ಇಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ಹಿಡಿದಿದ್ದ ತೋಳು ಬಿಟ್ಟಳು.

“ಯಾಕಮ್ಮ?” ಡಾಕ್ಟರು ಕೇಳಿದರು.

“ನಾಚಿಕೆ ಆಯ್ತು.”

ಡಾಕ್ಟರು ನಿಧಾನಕ್ಕೆ ಮತ್ತೆ ಕೂತರು. “ನಾಡಿ ಅವತ್ತೇ ಬೇರೆ ಹೇಳ್ತಿತ್ತು. ಈ ಮಳೆಗಾಲದಲ್ಲಿ ಅಷ್ಟು ಚೊಕ್ಕಟ ನಾಲಿಗೆ ಯಾರಿಗಿರತ್ತೆ? ನಾನು ಕೇಳ್ಬೇಕಿತ್ತು. ನಾಳೆ ಬೆಳಿಗ್ಗೆ ಬಾಯಿ ತೊಳೀದೆ ಬಾ ತಾಯಿ.”

ಮರುದಿನ ಚಾಚಿದ ನಾಲಿಗೆ ಊದಿಕೊಂಡಿತ್ತು, ಅಂಚಿನ ತುಂಬ ಹಲ್ಲಿನ ಗುರುತು, ಮೇಲೆ ಜಿಡ್ಡಿನ ಪದರ. ಅವಳು ಕಣ್ಣು ಮುಚ್ಚಿಕೊಂಡು ಚಾಚಿದ್ದಳು. ಫೇ ಡಾಕ್ಟರ ಶಾಸ್ತ್ರದಲ್ಲಿ ಹೊಟ್ಟೆಯ ಎಡಕ್ಕಿರುವ ಗುಲ್ಮವೆಂದರೆ ತಿಂದದ್ದನ್ನು ಕಸುವಾಗಿಸುವ ಒಲೆ. “ನಿನ್ನ ಒಲೆ ಒಳಗೆ ತೇವ ಕೂತಿದೆ. ಒದ್ದೆ ಒಲೆಗೆ ನಾನು ದೊಡ್ಡ ದೊಡ್ಡ ಸೌದೆ ತುರುಕಿದೆ. ಹೊಗೆ ಬಂತು, ಅಷ್ಟೆ. ಮೊದಲು ತೇವ ಆರಬೇಕು, ಪುಷ್ಟಿ ಆಮೇಲೆ” ಎಂದರು. ನಾಡಿಯಲ್ಲಿ ಇನ್ನೊಂದು ಬಿಗಿ ಇದೆ, ವೀಣೆಯ ತಂತಿಯಂತೆ, ಅದು ನುಂಗಿಕೊಂಡ ಸಿಟ್ಟಿನದು ಎಂದು, ಅತ್ತೆಯನ್ನು ಹೊರಗೆ ಕೂರಲು ಹೇಳಿದರು.

“ಇರ್ಲಿ ಬಿಡಿ, ಅಮ್ಮನೂ ಕೇಳ್ಲಿ” ಎಂದಳು ಜಿನ್‌ಮೇ. ತಲೆ ಎತ್ತಲಿಲ್ಲ. “ಬೆಳಿಗ್ಗೆ ಒಲೆ ಹಚ್ಚುವಾಗ ಈ ಅಂಗಡಿ ಸುಟ್ಟು ಹೋಗ್ಲಿ ಅನ್ಸತ್ತೆ. ಕಬ್ಬಿಣದ ಹೆಣ್ಣು ಅಂತ ಯಾರಾದ್ರೂ ಅಂದ್ರೆ ಅಳು ಬರತ್ತೆ.”

ಗುವಾನ್ ಅಜ್ಜಿ ತನ್ನ ಕೈಗಳನ್ನೇ ನೋಡುತ್ತಾ ಕೂತಳು. ಎದ್ದು ಹೊರಟಾಗ ಡಾಕ್ಟರಿಗೆ, “ನಿನ್ನೆ ಜಾಸ್ತಿ ಮಾತಾಡಿದೆ” ಎಂದಷ್ಟೇ ಹೇಳಿದಳು.

ಹುರಿದ ಜವೆಗೋಧಿಯಂಥ ಕಾಳು, ಒಣಗಿಸಿದ ಕಿತ್ತಳೆ ಸಿಪ್ಪೆ, ಪೈನ್ ಮರದ ಬೇರಿನ ಅಣಬೆ, ಇವುಗಳ ಕಷಾಯ ಶುರುವಾಯಿತು. ಮಂಡಿಯ ಕೆಳಗೆ ಒಣಸೊಪ್ಪಿನ ಬತ್ತಿಯ ಕೆಂಡವನ್ನು ಚರ್ಮಕ್ಕೆ ತಾಗಿಸದೆ ಹಿಡಿದು ಕಾವು ಕೊಡಬೇಕು, ಆ ಕೆಲಸವನ್ನು ಅಜ್ಜಿ ತಾನೇ ವಹಿಸಿಕೊಂಡಳು. ತಣ್ಣನೆಯದು, ಕರಿದದ್ದು ಬಂದ್. ಮಧ್ಯಾಹ್ನ ಮಲಗಲೇಬೇಕು. ಎಲ್ಲಕ್ಕಿಂತ ಕಹಿಯಾದ ಮದ್ದು ಅದೇ. ಹಾಡಹಗಲೇ ಬಾಗಿಲು ಮುಚ್ಚಿ ಮಲಗುವಾಗ ಅವಳು ಚಪ್ಪಲಿಗಳನ್ನು ಒಳಗೆ ತೆಗೆದಿಟ್ಟುಕೊಳ್ಳುತ್ತಿದ್ದಳು.

ಶರತ್ಕಾಲಕ್ಕೆ ತಲೆಯ ಭಾರ ಇಳಿಯಿತು. ಆಮೇಲೆ ಡಾಕ್ಟರು ಪುಷ್ಟಿಯ ಬೇರುಗಳನ್ನು ಚೂರುಚೂರೇ ಸೇರಿಸಿದರು. ಬಾವ್‌ಶೆಂಗ್ ಹಡಗು ಬಿಟ್ಟು ಬಂದು ಬುಟ್ಟಿ ಹೊರತೊಡಗಿದ. ಮೊದಮೊದಲು ಶಾವಿಗೆಯನ್ನು ಹಾಳು ಮಾಡಿದ, ಗಿರಾಕಿಗಳು ಬೈದುಕೊಂಡೇ ತಿಂದರು. ಜಿನ್‌ಮೇ ಮೊದಲಿನಂತೆ ಆಗಲಿಲ್ಲ. ಅರ್ಧ ಹೊತ್ತು ದುಡಿಯುವಷ್ಟಾದಳು. ಮಳೆಗಾಲ ಬಂದರೆ ಅದೂ ಇಲ್ಲ. ಮದ್ದು ಎಷ್ಟು ಮಾಡಿತು, ನಿದ್ದೆ ಎಷ್ಟು ಮಾಡಿತು, ಹೇಳುವವರಿಲ್ಲ. ಓಣಿಯವರು ಅವಳಿಗೆ ‘ತೊಳೆದ ನಾಲಿಗೆ’ ಎಂದು ಅಡ್ಡಹೆಸರಿಟ್ಟರು. ಎದುರಿಗೂ ಕರೆಯುತ್ತಾರೆ. ಅವಳು ಬಟ್ಟಲು ಮುಂದಿಡುತ್ತಾಳೆ. ಫೇ ಡಾಕ್ಟರು ಎದುರಾದರೆ ಇಂದಿಗೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಾರಳು.

ಮೊನ್ನೆ ಮಧ್ಯಾಹ್ನ ಜರಡಿ ಕೇಳಲು ಹೋಗಿ ಅವಳ ಬಾಗಿಲು ತಟ್ಟಿದೆ. “ಪಾತ್ರೆ ಉಜ್ತಿದೀನಿ, ಬಂದೆ” ಎಂದು ಒಳಗಿನಿಂದ ಕೂಗಿದಳು. ಬಾಗಿಲು ತೆರೆದಾಗ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ನಾನು ಜರಡಿ ತೆಗೆದುಕೊಂಡು ಬಂದೆ.