ಕೆಡ್ಡಸದ ದಿನ ನಡುಗಿದ ನೆಲ

ಇಸವಿ ಅರುವತ್ತನಾಲ್ಕೋ ಅರುವತ್ತೈದೋ, ಖಚಿತವಾಗಿ ಹೇಳಲಾರೆ. ಫೆಬ್ರವರಿ ತಿಂಗಳು ಎಂಬುದರಲ್ಲಿ ಸಂಶಯವಿಲ್ಲ. ನಾನಾಗ ಮಂಗಳೂರಿನ ಸರಕಾರಿ ಕಚೇರಿಯೊಂದರಲ್ಲಿ ಸಹಾಯಕ ಭೂವಿಜ್ಞಾನಿ. ಮೈಸೂರು ಕಡೆಯವನು, ತುಳು ಬಾರದು, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಕಲ್ಲು, ಮಣ್ಣು, ಬಾವಿ ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ಭೂಕಂಪವನ್ನು ಪುಸ್ತಕದಲ್ಲಿ ಬಿಟ್ಟರೆ ಎಲ್ಲಿಯೂ ಕಂಡವನಲ್ಲ. ಹಾಗಾಗಿ ವಾಮದಪದವಿನ ಕಡೆ ನೆಲ ನಡುಗಿದೆ, ಗುಡ್ಡ ಹೊಗೆಯಾಡುತ್ತಿದೆ ಎಂಬ ಸುದ್ದಿ ಬಂದಾಗ ನನಗೆ ಆದದ್ದು ಭಯವಲ್ಲ, ಸಂಭ್ರಮ. ಮೇಲಧಿಕಾರಿಗಳು ಜೀಪು ಕೊಡಲಿಲ್ಲ. ಸುತ್ತಿಗೆ, ದಿಕ್ಸೂಚಿಗಳನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಬಂಟ್ವಾಳದಲ್ಲಿ ಬಸ್ಸು ಬದಲಿಸಲು ಇಳಿದರೆ, ಪೇಟೆಯ ವರ್ತಕರೊಬ್ಬರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ನೇತ್ರಾವತಿಗೆ ನೆರೆ ಬಂದಾಗ ಅಲ್ಲಿಯವರು ಮಾಡುವ ಕೆಲಸ ಅದು. ಆದರೆ ಆಗ ಸುಡುಬಿಸಿಲ ಕಾಲ, ಹೊಳೆ ಸೊರಗಿ ಮಲಗಿತ್ತು. ಏನು ವಿಷಯ ಎಂದು ಕೇಳಿದೆ.

"ನೆಲ ನಡುಗಿದ್ರೆ ಕಡಲು ಉಕ್ಕುತ್ತದೆ ಅಂತ ವಾಮದಪದವಿನ ಕಡೆಯ ಶಾಲೆ ಮಾಸ್ಟ್ರು ಹೇಳಿದ್ದಾರಂತೆ. ಕಡಲು ಬಂದ್ರೆ ಈ ಹೊಳೆಯಲ್ಲೇ ಅಲ್ವಾ ಬರುವುದು?" ಎಂದರು ಅವರು, ಮೂಟೆಗೆ ಹೆಗಲು ಕೊಡುತ್ತಲೇ.

ವಾಮದಪದವಿನಲ್ಲಿ ಇಳಿದು ಹಳ್ಳಿ ತಲಪುವಾಗ ಬಿಸಿಲು ನೆತ್ತಿಗೇರಿತ್ತು. ಶಾಲೆಯ ಮಾಸ್ಟ್ರೇ ಎದುರಾದರು. ಹಿಂದಿನ ದಿನ ಗುಡುಗಿನಂಥ ಸದ್ದಾಗಿ, ಪಾತ್ರೆಗಳು ಅಲುಗಿ, ಒಂದೆರಡು ಹಂಚು ಜಾರಿದ್ದವು. ಸಮಸ್ಯೆ ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ನೆಲ ನಡುಗಿದ ಆ ದಿನವೇ ಕೆಡ್ಡಸದ ಮೊದಲ ದಿನ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ತುಳುನಾಡಿನವರು ನಂಬುವ ಮೂರು ದಿನಗಳವು. ಆಗ ಯಾರೂ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯ ದಿನ ಹೆಂಗಸರು ಅವಳಿಗೆ ಎಣ್ಣೆ, ಸೀಗೆ, ನೀರು ಕೊಟ್ಟು ಮೀಯಿಸುತ್ತಾರೆ. ಊರಿನ ದೂಮಣ್ಣ ಎಂಬವನ ಹಿತ್ತಲಲ್ಲಿ ಹೊಸ ಬಾವಿಯ ಕೆಲಸ ಅರ್ಧದಲ್ಲಿತ್ತು. ಅವನು ಕದ್ದು ಅಗೆದಿರಬೇಕು, ಅದಕ್ಕೇ ತಾಯಿ ನಡುಗಿದಳು, ಕೆಡ್ಡಸ ಮುಗಿದ ಕೂಡಲೇ ಬಾವಿ ಮುಚ್ಚಿಸಬೇಕು ಎಂದು ಊರು ತೀರ್ಮಾನಿಸಿತ್ತು. ಮುಚ್ಚಿದರೆ ಅವನ ಹೆಂಡತಿ ಬಾಬಿ ಹಿಂದಿನಂತೆ ಗುಡ್ಡದ ಬುಡದ ಕೆರೆಯಿಂದಲೇ ಕೊಡ ಹೊರಬೇಕು, ಬಹುಶಃ ಜೀವಮಾನವಿಡೀ.

ಮೊದಲು ಹೊಗೆ ನೋಡುವ ಎಂದು ಗುಡ್ಡ ಹತ್ತಿದೆ. ಮಾಸ್ಟ್ರು ಕ್ಷೇಮವಾದ ಅಂತರ ಕಾಯ್ದುಕೊಂಡು ಹಿಂದೆ ಬಂದರು. ಮುರಕಲ್ಲಿನ, ಅಂದರೆ ಆ ಕಡೆಯ ಕೆಂಪು ಜಂಬಿಟ್ಟಿಗೆಯ, ನಾಲ್ಕಾರು ತೂತುಗಳಿಂದ ಹೊಗೆ ಏಳುತ್ತಿದ್ದುದು ನಿಜ. ಜ್ವಾಲಾಮುಖಿಯಾದರೆ ಗಂಧಕದ ವಾಸನೆ ಬರಬೇಕಿತ್ತು. ಬಗ್ಗಿ ಮೂಸಿದೆ. ಸುಟ್ಟ ಮೆಣಸಿನ ಘಾಟು ನೆತ್ತಿಗೇರಿ, ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಗುಡ್ಡದ ಆಚೆ ಬದಿಗೆ ಹೋದರೆ ಮೂವರು ಯುವಕರು ಒಂದು ಬಿಲದ ಬಾಯಲ್ಲಿ ತೆಂಗಿನ ಸಿಪ್ಪೆಗೆ ಮೆಣಸು ಹಾಕಿ ಬೆಂಕಿ ಮಾಡಿ, ಗೆರಸೆಯಿಂದ ಬೀಸುತ್ತಿದ್ದರು. ಕೆಡ್ಡಸಕ್ಕೆ ಬೇಟೆ ಅಲ್ಲಿಯ ರೂಢಿ. ಮುಳ್ಳುಹಂದಿ ಒಳಗೇ ಉಂಟು, ನಿನ್ನೆಯಿಂದ ಹೊಗೆ ಹಾಕಿದರೂ ಹೊರಗೆ ಬರುವುದಿಲ್ಲ ಎಂದು ಅವರ ದೂರು. ಮುರಕಲ್ಲಿನ ಒಳಗೆಲ್ಲ ಪೊಳ್ಳು ದಾರಿಗಳಿರುತ್ತವೆ. ಹೊಗೆ ಅವುಗಳಲ್ಲಿ ಹಾದು ಗುಡ್ಡದ ಈಚೆ ಹೊರಬಿದ್ದಿತ್ತು. ನಾನು ನಕ್ಕೆ, ಯುವಕರು ನಕ್ಕರು, ಕೊನೆಗೆ ಮಾಸ್ಟ್ರೂ ನಕ್ಕರು.

ಆದರೆ ಊರಿನ ದೊಡ್ಡ ಮನೆತನವಾದ ಗುತ್ತಿನ ಮನೆಯ ಯಜಮಾನಿ, ಊರಿಗೇ ಹಿರಿಯರಾದ ಸಂಕಮ್ಮಕ್ಕ ನಗಲಿಲ್ಲ. ನಾವು ಗುಡ್ಡ ಇಳಿದು ಬರುವಾಗ ದೂಮಣ್ಣನ ಹಿತ್ತಲಲ್ಲಿ ಜನ ಸೇರಿತ್ತು.

"ಹೊಗೆ ಮುಳ್ಳುಹಂದಿಯದ್ದು, ಸರಿ. ನಡುಗಿದ್ದು?" ಎಂದು ಸಂಕಮ್ಮಕ್ಕ ನನಗಾಗಿ ಕನ್ನಡದಲ್ಲೇ ಕೇಳಿದರು.

ಬೇಲಿಯಿಂದ ಒಂದು ಒಣ ಕೋಲು ಕಿತ್ತುಕೊಂಡು ಬಗ್ಗಿಸುತ್ತಾ ಹೋದೆ. ಭೂಮಿಯ ಆಳದ ಬಂಡೆಯೂ ಒತ್ತಡಕ್ಕೆ ಹೀಗೇ ಬಾಗುತ್ತದೆ, ತಡೆಯಲಾರದಾದಾಗ ಮುರಿದು ಸರಿಯುತ್ತದೆ ಎಂದೆ. ಕೋಲು ಫಟ್ಟೆಂದಿತು. ಕೈಗೆ ತಾಗಿದ ಆ ಪೆಟ್ಟೇ ಭೂಕಂಪ. ಕೆಳಗೆ ಕರಗಿದ ಕಲ್ಲು ಇದ್ದು ಮೇಲಕ್ಕೆ ನುಗ್ಗಿದರೆ ಮಾತ್ರ ಜ್ವಾಲಾಮುಖಿ. ಆಗಲೂ ನೆಲ ನಡುಗೀತು, ಆದರೆ ನಡುಗಿದಲ್ಲೆಲ್ಲ ಬೆಂಕಿ ಇರುವುದಿಲ್ಲ. ದೊಡ್ಡ ಭೂಕಂಪದಲ್ಲಿ ಕಡಲಿನ ತಳವೇ ಮೇಲೆ ಕೆಳಗೆ ಸರಿದರೆ ಮೇಲಿನ ನೀರೆಲ್ಲ ಅಲೆಯಾಗಿ ದಡಕ್ಕೆ ನುಗ್ಗುತ್ತದೆ. ಸುನಾಮಿ ಎಂಬ ಪದ ಆಗ ನಮ್ಮವರ ಬಾಯಿಗೆ ಬಂದಿರಲಿಲ್ಲ. ಇಲ್ಲಿಯ ಸಣ್ಣ ನಡುಕಕ್ಕೆ ಕಡಲು ಬರುವುದಿಲ್ಲ ಎಂದು ಮಾಸ್ಟ್ರ ಮುಖ ನೋಡಿ ಹೇಳಿದೆ. ಬಂಡೆಯನ್ನು ಒತ್ತುವವರು ಯಾರು ಎಂದು ಅವರು ಕೇಳಿಯೇಬಿಟ್ಟರು. ಭೂಮಿಯ ಹೊರಪದರ ದೊಡ್ಡ ಫಲಕಗಳಾಗಿ ಒಡೆದಿದೆ, ಅವು ಮೆಲ್ಲನೆ ಸರಿಯುತ್ತವೆ ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆಗ ಅದು ವಿದ್ವಾಂಸರಲ್ಲೇ ಜಗಳದ ವಿಷಯ. "ಇನ್ನೂ ಹುಡುಕುತ್ತಿದ್ದಾರೆ" ಎಂದೆ. ಏನಿದ್ದರೂ ಮುರಿದದ್ದು ಮೈಲಿಗಟ್ಟಲೆ ಆಳದಲ್ಲಿ, ಬಾವಿಯಿಂದ ಇದು ಆದದ್ದಲ್ಲ, ಭಯ ಬೇಡ ಎಂದು ಮುಗಿಸಿದೆ.

"ಕೆಡ್ಡಸದ ಮೊದಲೇ ಹಾರೆ ತೊಳೆದು ಇಟ್ಟಿದ್ದೇನೆ ಅಕ್ಕ, ಮುಟ್ಟಲಿಲ್ಲ" ಎಂದ ದೂಮಣ್ಣ.

ಸಂಕಮ್ಮಕ್ಕ ಅವನತ್ತ ನೋಡಲಿಲ್ಲ. ನನ್ನನ್ನು ಕೇಳಿದರು: "ಭಯ ಇಲ್ಲ ಅಂತ ಮೇಲೆ ನಿಂತು ಹೇಳ್ತೀರಿ. ಕೆಳಗೆ ಇಳಿದು ಹೇಳುವಿರಾ?"

ಇಳಿಯುತ್ತೇನೆ ಎಂದೆ. ಕೆಟ್ಟ ಗಾಳಿ ಇದೆಯೋ ಎಂದು ಲಾಟೀನು ಇಳಿಸಿ ನೋಡಿದೆವು, ದೀಪ ಆರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡಾಗ ಸಂಕಮ್ಮಕ್ಕ ತಡೆದರು. "ಆ ಸುತ್ತಿಗೆ ಮೇಲೇ ಇರಲಿ. ಇವತ್ತು ಅವಳಿಗೆ ಪೆಟ್ಟು ಬೇಡ." ಸುತ್ತಿಗೆಯಿಲ್ಲದ ಭೂವಿಜ್ಞಾನಿ ಅರ್ಧ ಬೆತ್ತಲೆ. ಆದರೂ ಕೊಟ್ಟೆ. ಗೋಡೆಯ ಮುರಕಲ್ಲು ಗಟ್ಟಿಯಾಗಿಯೇ ನಿಂತಿತ್ತು. ತೋಡಿದ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿದು ತಳ ಮುಟ್ಟಿದಾಗ ಪಾದ ತಣ್ಣಗಾಯಿತು. ಲಾಟೀನು ಹಿಡಿದು ನೋಡಿದರೆ ಬುಡದಲ್ಲಿ ಹೊಸ ಬಿರುಕು. ಅದರಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು.

"ದೂಮಣ್ಣಾ, ನೀರು ಉಂಟು" ಎಂದು ಕೂಗಿದೆ. ಅವರ ಕಡೆಯ ಆ 'ಉಂಟು' ನನ್ನ ಬಾಯಿಂದ ತಾನಾಗಿ ಬಂತು. ಮೇಲಿನಿಂದ ಬಾಬಿಯ ನಗು ಬಾವಿಯೊಳಗೆಲ್ಲ ತುಂಬಿತು. ದೂಮಣ್ಣ ಹಗ್ಗದಲ್ಲಿ ಜಾರಿಯೇ ಬಂದ. "ಸ್ವಲ್ಪ ಆಚೆ ನಿಲ್ಲಿ ಸರ್, ನಾನೊಮ್ಮೆ ಮುಟ್ಟುವ" ಎಂದ.

ಕಂಪನದಿಂದ ಬಿರುಕು ತೆರೆದು ಬಾವಿಗೆ ನೀರು ಬರುವುದುಂಟು. ಇನ್ನಷ್ಟು ಅಗೆದಿದ್ದರೆ ಹೇಗೂ ಸಿಗುತ್ತಿತ್ತೋ ಏನೋ. ವರದಿಯಲ್ಲಿ ಎರಡನ್ನೂ ಬರೆದೆ. ಸಂಕಮ್ಮಕ್ಕನಿಗೆ ಇಂಥ ಅನುಮಾನ ಇರಲಿಲ್ಲ. "ಅವನು ಅಗೆಯದೆ ಸುಮ್ಮನಿದ್ದ. ಅವಳೇ ತೆರೆದಳು" ಎಂದರು. ನಿಜ ಹೇಳಬೇಕೆಂದರೆ, ಎದುರು ವಾದಿಸಲು ನನಗೆ ಮನಸ್ಸೇ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಆ ರಾತ್ರಿ ಮಾಸ್ಟ್ರ ಮನೆಯಲ್ಲಿ ಉಳಿದೆ. ಮರುದಿನ ಮುಂಜಾನೆ ಭೂಮಿಗೆ ಮೀಯುವ ನೀರು ಎರೆಯಲು ಹೆಂಗಸರು ಗುತ್ತಿನ ಅಂಗಳದಲ್ಲಿ ಸೇರಿದ್ದರು. ಸಂಕಮ್ಮಕ್ಕ ತಮ್ಮ ಮನೆಯ ಕೊಡವನ್ನು ಪಕ್ಕಕ್ಕೆ ಸರಿಸಿ, "ಬಾಬೀ, ನಿನ್ನ ಬಾವಿಯದ್ದು ತಾ" ಎಂದರು.

ಆಮೇಲಿನ ನೌಕರಿಯಲ್ಲಿ ಬಿರುಕು ಬಿಟ್ಟ ಎಷ್ಟೋ ಮನೆ, ಕುಸಿದ ಎಷ್ಟೋ ಗುಡ್ಡ ನೋಡಿದೆ. ಎಲ್ಲ ಕಡೆಯೂ ಜನ ಕೇಳುವುದು ಒಂದೇ, ಭಯ ಇದೆಯೇ ಎಂದು. ಅಂದಿನಿಂದ ನಾನು ರಸ್ತೆಯಲ್ಲಿ ನಿಂತು ಉತ್ತರ ಕೊಟ್ಟದ್ದಿಲ್ಲ. ಮೊದಲು ಒಳಗೆ ಹೋಗುತ್ತೇನೆ, ಅವರಿಗೆ ಹೇಳಬೇಕಾದದ್ದನ್ನು ಅಲ್ಲಿಂದ ಹೇಳುತ್ತೇನೆ.