ಬೇರೆ ದೇಶಕ್ಕೆ ಆಡಿದ ಅಣ್ಣ

ನಮ್ಮಣ್ಣ ಟೇಬಲ್ ಟೆನಿಸ್ ಕಲಿತದ್ದು ಶಿಕಾರಿಪುರದಲ್ಲಿ, ಅಬ್ಬಾನ ದರ್ಜಿ ಅಂಗಡಿಯಲ್ಲಿ. ಬಟ್ಟೆ ಕತ್ತರಿಸುವ ಎರಡು ಮೇಜುಗಳನ್ನು ಸಂಜೆ ಒಟ್ಟಿಗೆ ಎಳೆದು, ನಡುವೆ ಅಸ್ತರಿನ ಪಟ್ಟಿಯೊಂದನ್ನು ಬಿಗಿದು ಕಟ್ಟುತ್ತಿದ್ದ. ಬ್ಯಾಟು ಹೈಸ್ಕೂಲಿನ ಡ್ರಿಲ್ ಮಾಸ್ತರರು ಕೊಟ್ಟ ಹಳೆಯವು. ಎದುರಿಗೆ ಆಡುವವರು ಯಾರೂ ಇಲ್ಲದ್ದರಿಂದ ನನ್ನನ್ನೇ ನಿಲ್ಲಿಸುತ್ತಿದ್ದ. ಹುಡುಗಿ ಕುಣಿಯುವುದು ಬೀದಿಗೆ ಕಾಣಬಾರದೆಂದು ಅಮ್ಮಿ ಬಾಗಿಲು ಮುಂದೆ ಮಾಡುತ್ತಿದ್ದಳು. ಆಮೇಲೆ ತಾನೇ ಗೋಡೆಗೊರಗಿ ಕೂತು ನೋಡುತ್ತಿದ್ದಳು. ಒಂದು ಮೇಜು ಇನ್ನೊಂದಕ್ಕಿಂತ ತುಸು ತಗ್ಗು. ತಗ್ಗಿನ ಕಡೆ ಯಾವಾಗಲೂ ಅಣ್ಣನೇ ನಿಲ್ಲುತ್ತಿದ್ದುದರಿಂದ ಮೊಣಕಾಲು ಬಗ್ಗಿಸಿ, ಬಲ ಹೆಗಲು ಇಳಿಸಿ ಆಡುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತು.

ಮೀಸೆ ಮೂಡುವ ವಯಸ್ಸಿಗೆ ಹೊಲಿಗೆ ಕೆಲಸಕ್ಕೆಂದು ಬೊಂಬಾಯಿಗೆ ಹೋದ. ದೇಶ ಒಡೆದ ಮೇಲೆ ಅವನ ದರ್ಜಿ ಉಸ್ತಾದರು ಕರಾಚಿಗೆ ಹೊರಟರು, ಇವನೂ ಹಿಂದೆ ಹೋದ. ಆಗ ಅದು ಇನ್ನೊಂದು ಊರಿಗೆ ಹೋದ ಹಾಗಿತ್ತು. ವಾಪಸು ಬರುವುದಕ್ಕೆ ಸರ್ಕಾರದ ಕಾಗದ ಬೇಕಾಗುತ್ತದೆಂದು ನಮಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಅಲ್ಲಿ ಒಂದು ಕಂಪನಿಯವರು ಅವನ ಆಟ ನೋಡಿ ಕೆಲಸ ಕೊಟ್ಟರು. ಕೆಲಸವೆಂದರೆ ಆಡುವುದೇ. ಕೆಲವು ವರ್ಷಕ್ಕೆ ಆ ದೇಶದ ತಂಡಕ್ಕೂ ಆರಿಸಿದರು. ಹಸಿರು ಕೋಟು ತೊಟ್ಟ ಫೋಟೋ ಬಂದಾಗ ಅಬ್ಬಾ ಮುಖ ನೋಡುವ ಮೊದಲು ಕೋಟಿನ ಹೊಲಿಗೆ ನೋಡಿದರು. "ತೋಳು ಕೂತಿಲ್ಲ" ಎಂದಷ್ಟೇ ಅಂದು ಫೋಟೋವನ್ನು ಪೆಟ್ಟಿಗೆಯೊಳಗೆ ಇಟ್ಟರು. ಗೋಡೆಗೆ ಹಾಕಲಿಲ್ಲ. ಅಂಗಡಿಗೆ ಹತ್ತು ಥರದ ಜನ ಬರುತ್ತಾರೆ ಎಂದರು.

ನನ್ನನ್ನು ಸೊರಬಕ್ಕೆ ಕೊಟ್ಟಿದ್ದರು. ನನ್ನ ಗಂಡ ಆನವಟ್ಟಿ ಸಂತೆಯಲ್ಲಿ ಬಳೆ ಮಾರುತ್ತಿದ್ದರು. ಹೊಸ ಮೈಸೂರು ರಾಜ್ಯ ಆದ ಮೇಲಿನ ಮಾತು ಇದು. ಅಮ್ಮಿಯ ಹೊಟ್ಟೆಯಲ್ಲಿ ಗಡ್ಡೆಯಾಗಿ, ಶಿವಮೊಗ್ಗದ ಡಾಕ್ಟರು ಕೈಬಿಟ್ಟ ಮೇಲೆ ನಾನೇ ಅವಳನ್ನು ಸೊರಬಕ್ಕೆ ಕರೆತಂದು ಅಣ್ಣನಿಗೂ ಬರೆದೆ. ಸ್ವಲ್ಪ ದಿನಕ್ಕೆ ಅವನ ಕಾಗದ ಬಂತು. ಅವರ ತಂಡ ಬೆಂಗಳೂರಿಗೆ ಆಡಲು ಬರುತ್ತದೆ, ಸೊರಬಕ್ಕೂ ಅನುಮತಿ ಕೇಳಿದ್ದೇನೆ ಎಂದು ಬರೆದಿದ್ದ. ಹಿಂದೆಯೇ ಇನ್ನೊಂದು ಬಂತು. ಆಟ ಇರುವ ಊರಿಗೆ ಮಾತ್ರ ಅನುಮತಿ, ಸೊರಬದಲ್ಲಿ ಆಟವಿಲ್ಲ.

ಅಬ್ಬಾ ಅಮಲ್ದಾರರ ಹತ್ತಿರ ಹೋದರು. ಅವರ ಕೋಟುಗಳನ್ನು ಹೊಲಿಯುತ್ತಿದ್ದವರು ಅಬ್ಬಾನೇ.

"ನನ್ನ ಕೈಯಾಗಿಲ್ಲ ಸಾಬ್ರೆ, ಡೆಲ್ಲಿಯಿಂದ ಬರ್ಬೇಕು," ಅಂದರಂತೆ ಅಮಲ್ದಾರರು. "ಮಗನ ವಿಷಯ ಭಾಳ ಮಂದಿ ಮುಂದೆ ಆಡ್ಬ್ಯಾಡ್ರಿ."

ಅಮ್ಮಿಯನ್ನು ಗಂಡನಿಗೂ ಅತ್ತೆಗೂ ಒಪ್ಪಿಸಿ, ಅಬ್ಬಾನ ಜೊತೆ ನಾನು ಬೆಂಗಳೂರಿಗೆ ಹೋದೆ. ಆಟ ನಡೆಯುವ ಹಾಲ್ ತುಂಬಿತ್ತು. ಅಣ್ಣ ಹಸಿರು ಅಂಗಿಯಲ್ಲಿ ಬಂದ. ಮುಂದಲೆಯ ಕೂದಲು ಹೋಗಿತ್ತು, ಮುಖದ ಗುರುತು ಸಿಗಲಿಲ್ಲ. ಮೇಜಿನ ಎದುರು ನಿಂತು ಹೆಗಲು ಇಳಿಸಿದಾಗ ಅವನೇ ಎಂದು ಗೊತ್ತಾಯಿತು. ನಮ್ಮ ದೇಶದವನು ಪಾಯಿಂಟ್ ಗೆದ್ದರೆ ಹಾಲ್ ಎದ್ದು ನಿಲ್ಲುತ್ತಿತ್ತು. ಅಣ್ಣ ಗೆದ್ದರೆ ಚೆಂಡು ನೆಲಕ್ಕೆ ಉರುಳುವ ಸದ್ದು ಕೇಳುತ್ತಿತ್ತು. ಅಬ್ಬಾ ಎರಡೂ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಕೂತಿದ್ದರು. ಪಕ್ಕದವನು, "ಯಾಕ್ರೀ ಯಜಮಾನ್ರೇ, ನಮ್ಮೋನು ಗೆಲ್ತಿದ್ರೂ ಚಪ್ಪಾಳೆ ಇಲ್ವಲ್ಲ?" ಎಂದು ಕೇಳಿದ. ಅಬ್ಬಾ ಕೈ ಹೊರಗೆ ತೆಗೆದು ಚಪ್ಪಾಳೆ ತಟ್ಟಿದರು. ಅಣ್ಣ ಸೋಲುತ್ತಿದ್ದ.

ಅಣ್ಣನ ತಂಡ ಇಳಿದಿದ್ದ ಹೋಟೆಲಿನ ಜಗಲಿಯಲ್ಲಿ ಭೇಟಿಗೆ ಬಿಟ್ಟರು. ತಂಡದ ಮ್ಯಾನೇಜರು ಒಂದು ಕಡೆ, ನಮ್ಮ ಪೊಲೀಸಿನವನು ಇನ್ನೊಂದು ಕಡೆ ನಿಂತಿದ್ದರು. ಅಣ್ಣ ಅಬ್ಬಾನ ಕೈ ಹಿಡಿದುಕೊಂಡ.

"ಅಮ್ಮಿ ಹೆಚ್ಚು ದಿನ ಇರಲ್ಲ ಭಾಯಿ," ಎಂದೆ.

"ಒಂದಿನ ಬಂದು ಹೋಗು ಮಗಾ," ಅಂದರು ಅಬ್ಬಾ. "ಯಾರು ನೋಡ್ತಾರೆ?"

"ನೋಡ್ತಾರೆ ಅಬ್ಬಾ. ಇಲ್ಲಿ ಹಿಡಿದ್ರೆ ಜೈಲು. ಬಿಟ್ರೂ ಅಲ್ಲಿ ಕೆಲಸ ಹೋಗತ್ತೆ. ಹೆಂಡ್ತಿ ಬಸುರಿ." ಆಮೇಲೆ ನನ್ನನ್ನು ಕೇಳಿದ, "ಅಮ್ಮಿ ನನ್ನ ಕೇಳ್ತಾಳಾ?"

ದಿನಾ ಕೇಳುತ್ತಾಳೆ ಎಂದೆ. ಅವನು ಕಂಬದ ಕಡೆ ತಿರುಗಿ ನಿಂತ. ಮ್ಯಾನೇಜರು ಗಡಿಯಾರ ನೋಡಿದರು. ಅಮ್ಮಿಗೆಂದು ತಂದಿದ್ದ ಉಣ್ಣೆಯ ಶಾಲೊಂದನ್ನು ನನ್ನ ಕೈಗಿಟ್ಟು ಒಳಗೆ ಹೋದ.

ಸೊರಬಕ್ಕೆ ಬಂದಾಗ ಅಮ್ಮಿಗೆ ಮಾತಾಡುವ ಶಕ್ತಿ ಇನ್ನೂ ಇತ್ತು. "ಗೆದ್ದನಾ?" ಎಂದು ಕೇಳಿದಳು. ಗೆದ್ದ ಅಂದರು ಅಬ್ಬಾ. ಶಾಲನ್ನು ಎದೆಯ ಮೇಲೆ ಹೊದಿಸಿದರೆ ಭಾರ ಎಂದು ತೆಗೆಸಿದಳು. ಆ ವಾರವೇ ತೀರಿಕೊಂಡಳು.

ಮಣ್ಣು ಮಾಡಿ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಸ್ಟೇಷನ್ನಿನ ಪೇದೆ ಬಂದು ಬಾಗಿಲಲ್ಲಿ ನಿಂತ. ನಮ್ಮ ಮನೆಯವರ ಹತ್ತಿರ ಹೆಂಡತಿಗೆ ಬಳೆ ಕೊಳ್ಳುತ್ತಿದ್ದ ಮನುಷ್ಯ.

"ಬೇಜಾರು ಮಾಡ್ಕಬೇಡಿ ಮಾರಾಯ್ರೇ, ಮೇಲಿನೋರು ಕೇಳ್ತಾರೆ," ಅಂದ. "ಮಗ ಏನಾದ್ರೂ ಕದ್ದು ಬಂದಿದ್ನಾ?"

"ಬಂದಿದ್ರೆ ಹೆಗಲು ಕೊಡ್ತಿದ್ದ. ನೀವೇ ಒಳಗೆ ಬಂದು ನೋಡಿ," ಅಂದರು ಅಬ್ಬಾ.

ಪೇದೆ ಬೂಟು ಬಿಚ್ಚಿಟ್ಟು ಒಳಗೆ ಬಂದ. ಹೆಂಗಸರು ಕೂತಿದ್ದ ಕೋಣೆಯನ್ನೂ ಅಡಿಗೆಮನೆಯನ್ನೂ ನೋಡಿ, ತಲೆ ತಗ್ಗಿಸಿ ಹೊರಟುಹೋದ.

ಬೆಂಗಳೂರಿನಲ್ಲಿ ಸೋತದ್ದಕ್ಕೆ ಅಣ್ಣನ ಕಡೆಯವರು ಬೇರೆ ಅರ್ಥ ಹಚ್ಚಿದರೆಂದು ಆಮೇಲೆ ತಿಳಿಯಿತು. ಹುಟ್ಟಿದ ದೇಶದ ಮುಂದೆ ಬೇಕೆಂದೇ ಸೋತ ಎಂದರಂತೆ. ಮುಂದಿನ ತಂಡದಲ್ಲಿ ಅವನ ಹೆಸರಿರಲಿಲ್ಲ. ಆಟ ನಿಂತ ಮೇಲೆ ಕಂಪನಿಯವರು ಅವನನ್ನು ಗೋದಾಮಿಗೆ ಹಾಕಿದರು. ಅವನು ಇದನ್ನೆಲ್ಲ ಅಬ್ಬಾಗೆ ಬರೆಯಲಿಲ್ಲ, ನನಗೆ ಬರೆದ. ನಾನೂ ಅಬ್ಬಾಗೆ ಓದಿ ಹೇಳಲಿಲ್ಲ. ಶಿಕಾರಿಪುರದ ಅಂಗಡಿಯಲ್ಲಿ ಯಾರಾದರೂ ಮಗನ ಸುದ್ದಿ ಎತ್ತಿದರೆ, "ಆಡ್ತಾ ಇದ್ದಾನ್ರೀ" ಎಂದು ಹೇಳಿ ಅಬ್ಬಾ ಮಶೀನು ತುಳಿಯುತ್ತಿದ್ದರು.