ಹೊಳೆಯೊಳಗಿನ ತವರು

ಅವ್ವನನ್ನು ಕರೆದುಕೊಂಡು ಹೋಗುವ ಮನಸ್ಸು ನನಗೆ ಖಂಡಿತ ಇರಲಿಲ್ಲ. ತೆಲಂಗಾಣ ಬೇರೆ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ನನ್ನ ಗಂಡನ ತಂಗಿ ಹೈದರಾಬಾದಿನಿಂದ ನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದಳು. ಗದ್ವಾಲದ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಬೋಟಿನಲ್ಲಿ ಸುತ್ತಾಡಿಸುತ್ತಾರಂತೆ, ಅರ್ಧ ಮುಳುಗಿದ ಹಳೆಯ ಪೇಟೆಯೊಂದನ್ನೂ ತೋರಿಸುತ್ತಾರಂತೆ, ಹೋಗೋಣ ಎಂದಳು. ಆ ಪೇಟೆಯೇ ಅವ್ವನ ತವರು. ಸುದ್ದಿ ಮಕ್ತಲದ ನನ್ನ ಅಣ್ಣನ ಮನೆಗೆ ಹೇಗೆ ಮುಟ್ಟಿತೋ ಏನೋ, ನಮ್ಮ ಕಾರು ಮಕ್ತಲ ದಾಟುವಾಗ ಅವ್ವ ಕೈಚೀಲ ಹಿಡಿದು ರಸ್ತೆಯಲ್ಲೇ ನಿಂತಿದ್ದಳು.

ನಾದಿನಿಯ ಎದುರು ನಾನು ಯಾವಾಗಲೂ ಸ್ವಲ್ಪ ಬಿಗಿ. ಅವಳ ಮಾತು ನಯ, ಕಣ್ಣು ಚುರುಕು. ತವರಿಗೆ ಬಂದರೆ ಮನೆಯ ಮೂಲೆ ಮೂಲೆ ನೋಡುತ್ತಾಳೆ, ಡಬ್ಬಿಯ ಮುಚ್ಚಳವನ್ನೂ ಬಿಡುವುದಿಲ್ಲ ಎಂದು ನಾನು ಓಣಿಯಲ್ಲಿ ಹೇಳಿಕೊಂಡು ತಿರುಗಿದವಳೇ. ಅವಳ ಪಕ್ಕದಲ್ಲಿ ಕೂತ ಅವ್ವ ಬಾಯಿಗೆ ಬೀಗ ಹಾಕಿಕೊಂಡಿರಲಿ ಎಂದು ಬೇಡಿಕೊಂಡೆ. ಅವ್ವ ಡ್ರೈವರನಿಗೆ ದಾರಿ ಹೇಳತೊಡಗಿದಳು.

ಮೋಟರ್ ಬೋಟು ಹಿನ್ನೀರಿನಲ್ಲಿ ಒಂದು ಸುತ್ತು ಹಾಕಿ, ನೀರು ಆಳವಿಲ್ಲದಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಊರೊಳಗೆ ಪುಟ್ಟಿಯಲ್ಲಿ ಹೋಗಬೇಕು. ಪುಟ್ಟಿ ಎಂದರೆ ದುಂಡನೆಯ ಹರಗೋಲು. ಹುಟ್ಟು ಹಾಕುವವನು ಮಾತುಗಾರ.

"ಆ ದಂಡಿ ಕರ್ನಾಟಕ ಐತ್ರಿ. ಈ ದಂಡಿ ಮೊದ್ಲು ಆಂಧ್ರ ಇತ್ತು, ಈಗ ತೆಲಂಗಾಣ ಅಂತಾರ. ನೀರಿಗಿ ಮಾತ್ರ ಯಾರೂ ಹೇಳಿಲ್ರಿ."

ಬೇಸಿಗೆಯಾದ್ದರಿಂದ ಗೋಡೆಗಳ ತಲೆಗಳು ಮೇಲೆದ್ದಿದ್ದವು. ಒಂದು ಕಾಲಕ್ಕೆ ಹೊಳೆ ದಾಟುವ ಮಂದಿ, ಮೂಟೆ, ಎತ್ತು ಎಲ್ಲ ಬಂದು ಇಳಿಯುತ್ತಿದ್ದ ಬಜಾರಿನಲ್ಲಿ ಈಗ ನಾವು ತೇಲುತ್ತಿದ್ದೆವು. ಅವ್ವ ಕೈ ಚಾಚಿ ಚಾಚಿ ತೋರಿಸುತ್ತಿದ್ದಳು.

"ಅದು ಸಂಸ್ಥಾನದ ನಾಕಾ. ಹತ್ತಿ ಮೂಟಿಗೆ ಅಲ್ಲೇ ಸುಂಕ ಕಟ್ಟಬೇಕಿತ್ತು. ಇದು ಬಳಿಗಾರ್ರ ಅಂಗಡಿ. ಇತ್ಲಾಗ ಹಾಯ್ಸಪ್ಪಾ, ನಮ್ಮ ಓಣಿ ಇದು."

ನಾದಿನಿ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ನೀರನ್ನು ತೋರಿಸಿ ಅಂಗಡಿ ಎನ್ನುವ ನನ್ನ ಅವ್ವನ ಚಿತ್ರವೂ ಅದರಲ್ಲಿ ಬರುತ್ತದಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ದೀಪದ ಗೂಡು ಇರುವ ಒಂದು ಮುರುಕು ಗೋಡೆಯ ಹತ್ತಿರ ಅವ್ವ ಪುಟ್ಟಿ ನಿಲ್ಲಿಸಿದಳು. ಅದು ಅವಳು ಹುಟ್ಟಿದ ಮನೆ. ಕೈಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಹಸಿರು ಖಣ ತೆಗೆದಳು. ಗಂಗಮ್ಮನಿಗಿರಬೇಕು ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ ಸೆರಗು ಒಡ್ಡಿದಳು.

"ತುಂಬವ್ವಾ," ಎಂದಳು ಮೆಲ್ಲಗೆ. "ತವರಿಗಿ ಬಂದು ಬರೀ ಉಡೀಲೆ ಹ್ಯಾಂಗ ಹೊಳ್ಳಿ ಹೋಗ್ಲಿ?"

ತವರಿಗೆ ಬಂದ ಮಗಳನ್ನು ನಮ್ಮಲ್ಲಿ ಬರಿದೇ ಕಳಿಸುವುದಿಲ್ಲ. ಮನೆಯ ಮುತ್ತೈದೆ ಬೊಗಸೆಯಲ್ಲಿ ಅಕ್ಕಿ ತೆಗೆದು ಅವಳ ಸೆರಗಿಗೆ ಹಾಕಬೇಕು. ಆದರೆ ಅಪ್ಪ ತೀರಿಕೊಂಡ ಮೇಲೆ ಅವ್ವನ ಉಡಿಯನ್ನು ಯಾರೂ ತುಂಬಿರಲಿಲ್ಲ. ಗಂಡ ಸತ್ತವಳಿಗೆ ಯಾರು ತುಂಬುತ್ತಾರೆ? ಅದೂ ಹಸಿರು ಖಣದೊಂದಿಗೆ, ಬೀಗರ ಹುಡುಗಿಯ ಎದುರಿಗೆ. ನನ್ನ ಮುಖ ಸುಟ್ಟಂತಾಯಿತು.

"ಏನಂತ ವದಿನಾ?" ಎಂದಳು ನಾದಿನಿ. ಹೈದರಾಬಾದಿಗೆ ಹೋದ ಮೇಲೆ ಅತ್ತಿಗೆಯನ್ನು ತೆಲುಗಿನಲ್ಲೇ ಕರೆಯುತ್ತಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಏನಿಲ್ಲ, ಗಂಗಮ್ಮಗ ಉಡಿ ತುಂಬ್ತಾಳಂತ," ಎಂದುಬಿಟ್ಟೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಮಡಚಿಕೊಂಡು, "ಹೌದವ್ವಾ, ಗಂಗಮ್ಮಗ," ಎಂದು ನಾದಿನಿಗೆ ಹೇಳಿ, ಬೊಗಸೆ ತುಂಬ ಅಕ್ಕಿ ತೆಗೆದು ನೀರಿನ ಕಡೆ ಬಗ್ಗಿದಳು. ನನ್ನ ಸುಳ್ಳನ್ನು ನನಗಾಗಿ ಅವಳೇ ನಿಜ ಮಾಡಲು ಹೊರಟಿದ್ದಳು. ಹಾಗೆ ನನ್ನ ಮಾನ ಕಾಯುವ ಬದಲು ಒಂದು ಏಟು ಹಾಕಿದ್ದರೆ ತಾಳಿಕೊಳ್ಳುತ್ತಿದ್ದೆ. ಎದ್ದುಬಿಟ್ಟೆ. ಪುಟ್ಟಿ ವಾಲಿತು.

"ಕುಂತಲ್ಲೇ ಕುಂದ್ರಿರಿ ಅಕ್ಕಾರ, ಎಲ್ಲಾರ್ನೂ ಮುಳುಗಸ್ತೀರಿ," ಎಂದು ಹುಟ್ಟಿನವನು ಗದರಿದ.

ಕೂತೇ ಸರಿದು ಅವ್ವನ ಕೈ ಹಿಡಿದೆ. ಸೆರಗನ್ನು ನಾನೇ ಬಿಡಿಸಿ ಅಕ್ಕಿ ತುಂಬಿದೆ. ಪುಟ್ಟಿಯ ಓಲಾಟಕ್ಕೆ ಅರ್ಧ ಅಕ್ಕಿ ಕಾಲ ಬಳಿ ಚೆಲ್ಲಿತು. ಅವ್ವ ತುಂಬಿದ ಉಡಿಯಿಂದ ಒಂದು ಮುಷ್ಟಿ ತೆಗೆದು ಗೋಡೆಯ ಪಕ್ಕ ನೀರಿಗೆ ಬಿಟ್ಟಳು. ಉಡಿ ಪಡೆದ ಮಗಳು ಹೊರಡುವ ಮುಂಚೆ ಒಂದು ಮುಷ್ಟಿ ಅಲ್ಲೇ ಬಿಡಬೇಕು, ಮನೆ ಬರಿದಾಗಬಾರದು.

ನಾದಿನಿಯ ಕೊಂಕು ಮಾತಿಗೆ ಕಾಯುತ್ತ ತಲೆ ತಗ್ಗಿಸಿ ಕೂತೆ. ಅವಳು ಫೋನು ಒಳಗಿಟ್ಟಳು. ನಾನು ಮರೆತಿದ್ದ ಹಸಿರು ಖಣವನ್ನು ಎತ್ತಿ ಅವ್ವನ ಉಡಿಗೆ ಹಾಕಿದಳು.

"ಅಪ್ಪ ಹೋದ ಮ್ಯಾಲ ನಮ್ಮವ್ವಗೂ ಯಾರೂ ತುಂಬಿಲ್ಲ ವದಿನಾ," ಎಂದಳು. "ಬಂದಾಗೊಮ್ಮೆ ನೋಡ್ತೀನಿ ನಾ."

ಅವಳ ಅವ್ವ ಎಂದರೆ ನನ್ನ ಅತ್ತೆ. ನನ್ನ ಜೊತೆ, ನನ್ನ ಮನೆಯಲ್ಲೇ ಇರುವವರು. ಹಬ್ಬದ ದಿನ ನಾನು ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುವಾಗ ಅತ್ತೆ ತಾವಾಗಿಯೇ ಎದ್ದು ಒಳಗೆ ಹೋಗುತ್ತಿದ್ದರು. ತಿಳಿದವರು, ಹೇಳಿಸಿಕೊಳ್ಳುವುದಿಲ್ಲ ಎಂದು ನಾನು ಮೆಚ್ಚಿಕೊಂಡಿದ್ದೆ. ನಾದಿನಿಯ ಕಣ್ಣು ನನ್ನ ಮನೆಯಲ್ಲಿ ಹುಡುಕುತ್ತಿದ್ದುದು ಡಬ್ಬಿಗಳನ್ನಲ್ಲ. ದಡ ಮುಟ್ಟುವವರೆಗೆ ಅವಳ ಮುಖ ನೋಡಲು ನನಗೆ ಆಗಲಿಲ್ಲ, ಅವ್ವನದೂ.

ಗದ್ವಾಲದಲ್ಲಿ ಒಂದು ಹಸಿರು ಖಣ ಕೊಂಡೆ. ಅವ್ವನನ್ನು ಮಕ್ತಲದಲ್ಲಿ ಇಳಿಸಿ ಮನೆ ಸೇರಿದಾಗ ಅತ್ತೆ ನಡುಮನೆಯಲ್ಲಿ ಕೂತಿದ್ದರು. ಕೈಕಾಲು ತೊಳೆದು, ಮೊರದಲ್ಲಿ ಅಕ್ಕಿ, ಕೊಬ್ಬರಿ, ಖಣ ಇಟ್ಟುಕೊಂಡು ಅವರ ಮುಂದೆ ಬಂದು ನಿಂತೆ. ಅತ್ತೆ ಮೊರ ನೋಡಿದರು, ಯಾರು ಬಂದಿದ್ದಾರೆಂದು ಬಾಗಿಲ ಕಡೆ ನೋಡಿದರು, ಎಂದಿನಂತೆ ಮೊಣಕಾಲಿಗೆ ಕೈ ಊರಿ ಎದ್ದು ಅಡುಗೆಮನೆಗೆ ಹೋದರು.